‘ಸ್ವಲ್ಪ ಪೆದ್ದು’ ಎಂಬ ಮಾತು

ಪರರ ಅವಿವೇಕವನ್ನು ಕಾಣುವುದರಲ್ಲಿ ಮನುಷ್ಯನ ಕಣ್ಣು ಎಂದೂ ಮಂದವಾದುದಿಲ್ಲ. ಆದರೆ ಕಂಡುದನ್ನು ಆಡುವ ಸಮಯ ಬಂದಾಗ ಅವನ ನಾಲಗೆಯು ಬಗೆಬಗೆಯ ಉಪಾಯಗಳನ್ನು ಹುಡುಕುವುದು. ನಮ್ಮ ಸಕಲೇಶಪುರ, ಆಲೂರು ಸೀಮೆಯ ಮಲೆನಾಡಿನಲ್ಲಿ ಒಬ್ಬನನ್ನು ಮುಖಕ್ಕೆ ಹೊಡೆದಂತೆ ‘ಮೂರ್ಖ’ ಎಂದು ಕರೆಯುವವರು ವಿರಳ. ‘ಪಾಪ, ಸಾಧು ಮನುಷ್ಯ’ ಎನ್ನುವರು. ‘ಅಷ್ಟೇನೂ ಚುರುಕಿಲ್ಲ’ ಎನ್ನುವರು. ‘ಒಂಥರಾ’ ಎಂದು ಅಲ್ಲಿಗೇ ನಿಲ್ಲಿಸಿ ಮಿಕ್ಕುದನ್ನು ಕೇಳುವವನ ಊಹೆಗೆ ಬಿಡುವರು. ಈಚಿನ ತಲೆಮಾರಿನವರು ಇದೇ ಕೆಲಸಕ್ಕೆ ಇಂಗ್ಲಿಷನ್ನು ಕರೆದುಕೊಂಡಿರುವರು. ಹುಡುಗನು ‘ಸ್ವಲ್ಪ ಡಲ್’. ನೆರೆಮನೆಯವನು ‘ಸ್ವಲ್ಪ ಲೂಸು’. ಮಾತು ತಡವಾಗಿ ತಲೆಗೆ ಹತ್ತುವವನು ‘ಟ್ಯೂಬ್‌ಲೈಟು’. ಹೇಳಬೇಕಾದುದನ್ನು ಹೇಳಿಯೂ ಹೇಳದಂತಿರುವುದೇ ಈ ಮಾತುಗಳೆಲ್ಲಕ್ಕೂ ಸಾಮಾನ್ಯವಾದ ಲಕ್ಷಣ. ಇಂಥ ಮೃದುವಚನವು ದಯೆಯೋ, ಅಥವಾ ದಯೆಯ ವೇಷವನ್ನು ಧರಿಸಿದ ಬೇರೊಂದು ವಸ್ತುವೋ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಒಬ್ಬನ ಗದ್ದೆ, ಕೂಲಿ, ವಿದ್ಯೆಗಳು ಈ ಅಲ್ಪವಾದ ಮಾತಿನ ಮೇಲೆ ನಿಂತಿರುವ ಸಂದರ್ಭಗಳೂ ಉಂಟೆಂಬುದು ಮುಂದೆ ತಿಳಿದುಬರುವುದು.

ಮೊದಲು ಇಂಗ್ಲಿಷಿನ ರೀತಿಯನ್ನು ನೋಡೋಣ. ಆ ಭಾಷೆಯು ಈ ವಿದ್ಯೆಯಲ್ಲಿ ಬಹಳ ನುರಿತದ್ದು. ಅವಿವೇಕವನ್ನು ಹೇಳುವ ಶಬ್ದದ ಮುಂದೆ ‘ಎ ಬಿಟ್’, ‘ರಾದರ್’, ‘ಕ್ವೈಟ್’, ‘ಕೈಂಡ್ ಆಫ್’ ಎಂಬ ಯಾವುದಾದರೊಂದು ಉಪಪದವನ್ನು ಅವರು ಇಡುವರು. ‘ಬಿಟ್’ ಎಂದರೆ ಮೂಲತಃ ಕಚ್ಚಿದ ತುಣುಕು. ‘ರಾದರ್’ ಎಂಬುದಕ್ಕೆ ಹಿಂದೆ ‘ಇನ್ನೂ ಬೇಗನೆ’ ಎಂಬ ಅರ್ಥವಿದ್ದಿತು. ‘ಕ್ವೈಟ್’ ಎಂಬುದು ‘ಸಂಪೂರ್ಣವಾಗಿ’ ಎಂಬ ಅರ್ಥದಿಂದ ಹೊರಟು, ಇಂಗ್ಲೆಂಡಿನವರ ಬಾಯಲ್ಲಿ ಎಷ್ಟೋ ವೇಳೆ ‘ತಕ್ಕಮಟ್ಟಿಗೆ’ ಎಂಬಲ್ಲಿಗೆ ಇಳಿದಿದೆ. ಕಾಲವನ್ನೂ ಪರಿಮಾಣವನ್ನೂ ತಿಳಿಸುತ್ತಿದ್ದ ಶಬ್ದಗಳು ಹೀಗೆ ಆಡುವವನ ಸಂಕೋಚವನ್ನು ತಿಳಿಸತಕ್ಕ ಶಬ್ದಗಳಾದುವು.

ಹಿಂದೆ ಮಂಜರಾಬಾದೆಂಬ ಹೆಸರಿನಿಂದಿದ್ದ ನಮ್ಮ ತಾಲ್ಲೂಕಿಗೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಕಾಫಿಯ ದೊರೆಗಳು ಬಂದು ನೆಲೆಸಿದರು. ಅವರಲ್ಲೊಬ್ಬರಾದ ರಾಬರ್ಟ್ ಎಲಿಯಟ್ಟರು ಮೈಸೂರಿನ ಕಾಡುಗಳಲ್ಲಿ ತಾವು ಪಡೆದ ಅನುಭವಗಳನ್ನು ಕುರಿತು ೧೮೭೧ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ತೋಟದ ರೈಟರು, ಮೇಸ್ತ್ರಿಗಳ ಬಾಯಿಂದಲೂ ತರುವಾಯ ಶಾಲೆಗಳ ಮೂಲಕವೂ ಇಂಗ್ಲಿಷ್ ಶಬ್ದಗಳು ನಮ್ಮ ಮನೆಗಳನ್ನು ಹೊಕ್ಕುವು. ‘ಬಿಟ್’ ಎಂಬ ಶಬ್ದಕ್ಕೆ ಕಾಫಿಯವರಲ್ಲಿ ಒಂದು ನಿಶ್ಚಿತವಾದ ಅರ್ಥವೂ ಇದೆ. ಕಾಫಿಬೀಜವನ್ನು ಹಸನುಮಾಡುವ ಕಡೆಗಳಲ್ಲಿ, ಜರಡಿಯ ತೂತಿನ ಅಳತೆಗೆ ತಕ್ಕಂತೆ ‘ಎ’, ‘ಬಿ’ ಎಂದು ದರ್ಜೆಗಳನ್ನು ಮಾಡಿ, ಒಂಟಿಬೀಜವನ್ನು ‘ಪೀಬೆರಿ’ ಎಂದು ತೆಗೆದು, ಒಡೆದ ಚೂರುಗಳನ್ನು ‘ಬಿಟ್ಸ್’ ಎಂದು ಬೇರೆ ರಾಶಿ ಹಾಕುವರು. ಅಲ್ಲಿ ಜರಡಿಯುಂಟು, ಅಳತೆಯುಂಟು. ಸಂದೇಹ ಬಂದರೆ ಮತ್ತೊಮ್ಮೆ ಜರಡಿ ಹಿಡಿದು ನೋಡಬಹುದು. ಒಬ್ಬ ಮನುಷ್ಯನನ್ನು ‘ಸ್ವಲ್ಪ ಪೆದ್ದು’ ಎಂದು ಬೇರೆ ರಾಶಿಗೆ ಹಾಕುವವನ ಕೈಯಲ್ಲಿ ಯಾವ ಜರಡಿಯಿದೆ? ಎಷ್ಟು ಎಂದು ಕೇಳಿದರೆ ಅವನು ಹೇಳಲಾರ. ಹೇಳಬೇಕಾಗದಿರಲೆಂದೇ ‘ಸ್ವಲ್ಪ’ ಎಂದಿರುವನು.

ಇದು ಇಂಗ್ಲಿಷಿನವರಿಂದ ಬಂದ ವ್ಯಾಧಿಯೆಂದು ಭಾವಿಸುವುದು ಸರಿಯಲ್ಲ. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದರ ಸೂಕ್ಷ್ಮಗಳೆಲ್ಲ ಪರಿಚಿತವಾಗಿಯೇ ಇರುವುವು. ಪಾಣಿನಿಮಹರ್ಷಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ‘ಪೂರ್ತಿ ಆಗದೆ ಸ್ವಲ್ಪ ಕಡಿಮೆಯಾಗಿ ನಿಂತದ್ದು’ ಎಂಬ ಅರ್ಥದಲ್ಲಿ ಕೆಲವು ಪ್ರತ್ಯಯಗಳನ್ನು ವಿಧಿಸಿರುವನು. ‘ಪಟುಕಲ್ಪ’, ‘ಪಟುದೇಶೀಯ’ ಎಂದರೆ ಪಟುವೆನ್ನಲು ಕೊಂಚ ಕೊರತೆಯುಳ್ಳವನು. ಅದೇ ಅರ್ಥದಲ್ಲಿ ಶಬ್ದದ ಹಿಂದುಗಡೆ ಸೇರುವ ಬದಲು ಮುಂದುಗಡೆ ಬರುವ ‘ಬಹು’ ಎಂಬುದೂ ಒಂದುಂಟು. ಆದಕಾರಣ ‘ಬಹುಪಟು’ ಎನ್ನಿಸಿಕೊಂಡವನು ವೈಯಾಕರಣರನ್ನು ಕೇಳುವ ಮೊದಲೇ ಹಿಗ್ಗಬಾರದು! ಕೆಟ್ಟ ವೈಯಾಕರಣನನ್ನು ‘ವೈಯಾಕರಣಪಾಶ’ನೆನ್ನುವರು. ಇವೆಲ್ಲಕ್ಕಿಂತಲೂ ವಿಚಾರಾರ್ಹವಾದದ್ದು ‘ಕ’ ಎಂಬ ಚಿಕ್ಕ ಪ್ರತ್ಯಯ. ಕುತ್ಸಿತವಾದುದನ್ನು ಹೇಳುವಾಗಲೂ ಅದೇ ಬರುವುದು. ಅನುಕಂಪದಿಂದ ಹೇಳುವಾಗಲೂ ಅದೇ ಬರುವುದು. ‘ಅಶ್ವಕ’ವೆಂದರೆ ಕೆಲಸಕ್ಕೆ ಬಾರದ ಕುದುರೆ, ‘ಪುತ್ರಕ’ನೆಂದರೆ ಕನಿಕರಕ್ಕೆ ಪಾತ್ರನಾದ ಮಗ. ಪ್ರತ್ಯಯದ ರೂಪವನ್ನು ಮಾತ್ರ ನೋಡಿದರೆ ತಿರಸ್ಕಾರಕ್ಕೂ ಕರುಣೆಗೂ ಅಲ್ಲಿ ಭೇದವಿಲ್ಲ. ಭೇದವಿರುವುದು ಆಡುವವನ ಅಭಿಪ್ರಾಯದಲ್ಲಿ. ನಮ್ಮ ‘ಪಾಪ’ ಎಂಬ ಮಾತೂ ಹಾಗೆಯೇ. ಜ್ವರದಿಂದ ಮಲಗಿದ ಮಗುವನ್ನು ನೋಡಿ ತಾಯಿ ಆಡುವ ‘ಪಾಪ’ ಬೇರೆ. ದಾಯಾದಿಯನ್ನು ಕುರಿತು ಜಗಲಿಯ ಮೇಲೆ ಆಡುವ ‘ಪಾಪ’ ಬೇರೆ.

ಶಬ್ದವು ಮೃದುವಾಗಿದ್ದ ಮಾತ್ರಕ್ಕೆ ಅರ್ಥವು ಮೃದುವಾಗಿಯೇ ಉಳಿಯುವುದೆಂಬ ಭರವಸೆಯೂ ಇಲ್ಲ. ಅಶೋಕಚಕ್ರವರ್ತಿಯು ತನ್ನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದ ತನ್ನನ್ನು ಕರೆದುಕೊಂಡನು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಇರುವ ಆತನ ಶಾಸನಗಳನ್ನು ರೈಸ್ ಸಾಹೇಬರು ೧೮೯೨ರಲ್ಲಿ ಬೆಳಕಿಗೆ ತಂದರು. ದೇವತೆಗಳಿಗೆ ಪ್ರಿಯನಾದವನೆಂಬ ಈ ಘನವಾದ ಹೆಸರೇ ಕಾಲಾಂತರದಲ್ಲಿ ಪಂಡಿತರ ಬಾಯಲ್ಲಿ ಮೂರ್ಖನಿಗೆ ಪರ್ಯಾಯವಾಯಿತು. ಭಟ್ಟೋಜಿದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವೇ ಹೇಳಲ್ಪಟ್ಟಿದೆ. ಇಂಗ್ಲಿಷಿನ ‘ಸಿಲ್ಲಿ’ ಎಂಬ ಶಬ್ದದ ಗತಿಯೂ ಇದೇ: ಭಾಗ್ಯಶಾಲಿ ಎಂಬ ಅರ್ಥದಿಂದ ಹೊರಟು, ನಿರ್ದೋಷಿ, ಬಡಪಾಯಿ ಎಂಬ ಮೆಟ್ಟಲುಗಳನ್ನು ಇಳಿದು, ಕೊನೆಗೆ ಅವಿವೇಕಿ ಎಂಬಲ್ಲಿಗೆ ಬಂದು ನಿಂತಿತು. ಅಮೆರಿಕದ ಗಾಡರ್ಡ್ ಎಂಬ ಮನಶ್ಶಾಸ್ತ್ರಜ್ಞನು ೧೯೧೦ರಲ್ಲಿ, ಬುದ್ಧಿಯ ಕೊರತೆ ಅಷ್ಟೇನೂ ಹೆಚ್ಚಿಲ್ಲದವರನ್ನು ಹೇಳುವುದಕ್ಕಾಗಿ, ಗ್ರೀಕ್ ಮೂಲದಿಂದ ‘ಮೋರಾನ್’ ಎಂಬ ಶಾಸ್ತ್ರೀಯ ಶಬ್ದವನ್ನು ನಿರ್ಮಿಸಿದನು. ವೈದ್ಯರ ಪುಸ್ತಕದಿಂದ ಬೀದಿಗೆ ಬಂದು ಬೈಗುಳಾಗುವುದಕ್ಕೆ ಅದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ‘ಮುಗ್ಧ’ ಎಂಬ ನಮ್ಮ ಶಬ್ದವು ಮಾತ್ರ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ‘ಮೂಢ’ನೂ ‘ಮುಗ್ಧ’ನೂ ಒಂದೇ ಧಾತುವಿನ ಮಕ್ಕಳು, ಒಬ್ಬನು ನಿಂದೆಗೆ ಪಾತ್ರನಾದನು, ಇನ್ನೊಬ್ಬನು ಪ್ರೀತಿಗೆ ಪಾತ್ರನಾದನು. ಆದುದರಿಂದ ಯಾವ ಶಬ್ದವನ್ನು ಆರಿಸಿಕೊಂಡೆವೆಂಬುದರಿಂದ ಈ ಪ್ರಶ್ನೆಯು ತೀರುವುದಿಲ್ಲ.

ಇಲ್ಲಿ ಪೂರ್ವಪಕ್ಷವನ್ನು ಮಂಡಿಸುವವರು ಹೀಗೆ ಹೇಳಬಹುದು: ಸತ್ಯವನ್ನು ನುಡಿಯಬೇಕು, ಪ್ರಿಯವನ್ನು ನುಡಿಯಬೇಕು, ಅಪ್ರಿಯವಾದ ಸತ್ಯವನ್ನೂ ಪ್ರಿಯವಾದ ಅಸತ್ಯವನ್ನೂ ನುಡಿಯಬಾರದು ಎಂಬುದು ಮನುವಿನ ಅಭಿಪ್ರಾಯವಷ್ಟೆ. ‘ಸ್ವಲ್ಪ’ ಎಂಬ ಪದವು ಈ ಎರಡು ದೋಷಗಳನ್ನೂ ತಪ್ಪಿಸಿಕೊಳ್ಳುವ ಮಾರ್ಗ. ಸತ್ಯವನ್ನು ಬಿಟ್ಟಂತಾಗಲಿಲ್ಲ, ನೋಯಿಸಿದಂತೆಯೂ ಆಗಲಿಲ್ಲ. ಹಳ್ಳಿಯ ಬಾಳು ಒಬ್ಬರನ್ನೊಬ್ಬರು ಸಹಿಸಿಕೊಂಡು ನಡೆಯಬೇಕಾದದ್ದು; ಆರು ತಿಂಗಳು ಮಳೆ ಹಿಡಿಯುವ ಸೀಮೆಯಲ್ಲಿ ನೆರೆಯವನೊಡನೆ ಮಾತು ಬಿಟ್ಟು ಬದುಕಲಾಗದು. ಹೀಗಿರುವಲ್ಲಿ ಕಠೋರವಾದ ಮಾತಿಗೆ ಬದಲು ಮೆತ್ತಗಿನ ಮಾತನ್ನು ಆಡಿದರೆ ತಪ್ಪೇನು?

ಈ ವಾದದಲ್ಲಿ ಒಪ್ಪತಕ್ಕ ಭಾಗವುಂಟು. ‘ನೋಡಪ್ಪ, ಮಳೆ ಮೋಡ ಕಾಣುತ್ತಿದ್ದರೂ ನೀನು ಕಣದಲ್ಲಿ ಕಾಫಿ ಹರವಿದ್ದು ಸ್ವಲ್ಪ ಪೆದ್ದುತನವಾಯಿತು’ ಎಂದು ಅಣ್ಣನು ತಮ್ಮನ ಎದುರಿಗೆ ಹೇಳಿದರೆ, ಆ ‘ಸ್ವಲ್ಪ’ವು ನಿಜವಾಗಿಯೂ ದಯೆಯೇ. ಅದು ಒಂದು ಕೃತ್ಯವನ್ನು ಕುರಿತದ್ದು. ಆ ಕೃತ್ಯವು ಮುಗಿದುಹೋಯಿತು. ನಾಳೆ ಬೇರೆ ರೀತಿ ಮಾಡಬಹುದು. ತಮ್ಮನು ಅಲ್ಲಿಯೇ ನಿಂತಿರುವನು. ‘ಬೆಳಗ್ಗೆ ಬಿಸಿಲಿತ್ತಲ್ಲ, ಅಣ್ಣ’ ಎಂದು ಉತ್ತರ ಕೊಡಬಲ್ಲನು. ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಮೂಢರ ಲಕ್ಷಣಗಳನ್ನು ಹೇಳುವಾಗ ಬಹುಮಟ್ಟಿಗೆ ಅವರ ನಡೆವಳಿಗಳನ್ನೇ ಎಣಿಸುವನು: ಕರೆಯದೆ ಒಳಹೊಗುವುದು, ಕೇಳದೆ ಬಹಳವಾಗಿ ಮಾತನಾಡುವುದು, ನಂಬತಕ್ಕವನಲ್ಲದವನನ್ನು ನಂಬುವುದು. ತಾನು ದೋಷದಲ್ಲಿದ್ದುಕೊಂಡೇ ಇತರರ ಮೇಲೆ ಆ ದೋಷವನ್ನು ಹೊರಿಸುವವನನ್ನೂ ಆತನು ಅದೇ ಪಟ್ಟಿಯಲ್ಲಿ ಸೇರಿಸಿರುವನು. ನಡೆವಳಿಕೆಯನ್ನು ತಿದ್ದಿಕೊಳ್ಳಬಹುದು, ಅದನ್ನು ಕುರಿತು ವಾದಿಸಲೂಬಹುದು.

‘ಅವನು ಸ್ವಲ್ಪ ಪೆದ್ದು’ ಎಂಬ ವಾಕ್ಯದ ಸ್ವರೂಪವೇ ಬೇರೆ. ಅಲ್ಲಿ ಕೃತ್ಯವಿಲ್ಲ, ಕರ್ತೃವು ಮಾತ್ರ ಇರುವನು. ಮಾತಿಗೆ ವಿಷಯವಾದವನು ಬಹುಶಃ ಎದುರಿಗಿರುವುದಿಲ್ಲ. ಒಬ್ಬನನ್ನು ಬಹಿರಂಗವಾಗಿ ಮೂರ್ಖನೆಂದರೆ ಯಾರಾದರೂ ‘ಏಕೆ ಹಾಗೆನ್ನುವೆ?’ ಎಂದು ಕೇಳುವರು. ಅವನ ಕಡೆಯವರು ಜಗಳಕ್ಕೆ ಬರುವರು. ಆಡಿದವನು ಸಾಕ್ಷ್ಯವನ್ನು ಕೊಡಬೇಕಾಗುವುದು. ಕಠಿನವಾದ ಮಾತಿಗೆ ಹೀಗೆ ಒಂದು ನ್ಯಾಯಸ್ಥಾನ ತಾನಾಗಿಯೇ ಏರ್ಪಡುವುದು. ಮೃದುವಾದ ಮಾತಿಗೆ ಅದಿಲ್ಲ. ‘ನಾನೇನೂ ಕೆಟ್ಟದ್ದನ್ನು ಹೇಳಲಿಲ್ಲವಲ್ಲ, ಸ್ವಲ್ಪ ಎಂದೆನಷ್ಟೆ’ ಎಂದು ಆಡಿದವನು ಜಾರಿಕೊಳ್ಳುವನು. ಕೇಳಿದವನು ತಲೆದೂಗಿ ನಂಬುವನು. ಮೃದುವಚನದ ದೋಷವಿರುವುದು ಇಲ್ಲಿ: ಉತ್ತರ ಕೊಡುವುದಕ್ಕೆ ಅದು ಅವಕಾಶವನ್ನೇ ಇಡುವುದಿಲ್ಲ.

ಪ್ರಾಚೀನರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ನಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದವರಾದ ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಾಕ್ಪಾರುಷ್ಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಒಕ್ಕಣ್ಣ, ಕುಂಟ ಎಂದು ದೇಹದ ಊನವನ್ನೆತ್ತಿ ಆಡಿದರೆ, ಅದು ಸತ್ಯವಾಗಿದ್ದಲ್ಲಿ ದಂಡ ೩ ಪಣ. ಸುಳ್ಳಾಗಿದ್ದಲ್ಲಿ ೬ ಪಣ. ಆದರೆ ಅಂಥವರನ್ನು ‘ಎಂಥ ಸುಂದರವಾದ ಕಣ್ಣು’ ಎಂದು ಸ್ತುತಿಯ ಸೋಗಿನಲ್ಲಿ ನಿಂದಿಸಿದರೆ ದಂಡ ೧೨ ಪಣ. ಒರಟಾದ ಸತ್ಯಕ್ಕೆ ಮೂರು, ಒರಟಾದ ಸುಳ್ಳಿಗೆ ಆರು, ನಯವಾದ ನಿಂದೆಗೆ ಹನ್ನೆರಡು! ಬುದ್ಧಿಯ ವಿಷಯದಲ್ಲಿ ನಾವು ಆಡುವ ‘ಬೃಹಸ್ಪತಿ’, ‘ಬಲು ಜಾಣ’ ಎಂಬ ಮಾತುಗಳು ನೇರವಾಗಿ ಈ ಮೂರನೆಯ ವರ್ಗಕ್ಕೆ ಸೇರುವುವು. ‘ಪಾಪ, ಸಾಧು’ ಎಂಬುದನ್ನು ತಿರಸ್ಕಾರದಿಂದ ಆಡಿದರೆ ಅದೂ ಅಲ್ಲಿಂದ ಬಹಳ ದೂರವಿರಲಾರದು.

ಈಗ ಇದರಿಂದ ಒದಗುವ ಹಾನಿಯನ್ನು ನೋಡೋಣ. ನಮ್ಮ ಧರ್ಮಶಾಸ್ತ್ರಗಳಲ್ಲಿ ದಾಯಭಾಗಕ್ಕೆ ಅನರ್ಹರಾದವರನ್ನು ಎಣಿಸುವಾಗ ಉನ್ಮತ್ತ, ಕುರುಡ ಮುಂತಾದವರೊಡನೆ ‘ಜಡ’ನನ್ನೂ ಸೇರಿಸಿರುವರು, ಅವನಿಗೆ ಅನ್ನವಸ್ತ್ರವುಂಟು, ಪಾಲು ಇಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಪದವನ್ನು ಹಾಗೆಯೇ ಬಿಡದೆ, ಅಂತಃಕರಣವೇ ವಿಕಲವಾಗಿ ಹಿತಾಹಿತವನ್ನು ನಿಶ್ಚಯಿಸಲಾರದವನೇ ಜಡನೆಂದು ವಿವರಿಸಿರುವನು. ಒಂದು ಶಬ್ದದ ಮೇಲೆ ಒಬ್ಬನ ಭೂಮಿ ನಿಂತಿರುವಾಗ ಆ ಶಬ್ದಕ್ಕೆ ಬೇಲಿ ಹಾಕಬೇಕಾದದ್ದು ನ್ಯಾಯವೇ. ಬ್ರಿಟಿಷ್ ಇಂಡಿಯಾದ ೧೯೨೮ರ ಶಾಸನವು ಬೇರೆ ಊನಗಳ ಬಾಧೆಯನ್ನು ತೆಗೆದುಹಾಕಿದರೂ ಹುಟ್ಟಿನಿಂದ ಜಡನೂ ಉನ್ಮತ್ತನೂ ಆದವರನ್ನು ಹೊರಗೆಯೇ ಇಟ್ಟಿತು. ಕೊನೆಗೆ ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೨೮ನೆಯ ಪ್ರಕರಣವು, ಯಾವ ರೋಗ ಅಥವಾ ಊನದ ಕಾರಣದಿಂದಲೂ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಾಗರೆಂದು ವಿಧಿಸಿತು.

ಶಾಸನದಿಂದ ಪದವು ಹೋಯಿತು, ಜಗಲಿಯಿಂದ ಹೋಗಲಿಲ್ಲ. ತೋಟವೂ ಗದ್ದೆಯೂ ಹಿಸ್ಸೆಯಾಗುವ ದಿನ ‘ಅವನು ಸ್ವಲ್ಪ ಸಾಧು, ಅವನಿಗೆ ಇದೆಲ್ಲ ಏನು ತಿಳಿಯುತ್ತದೆ, ರುಜು ಹಾಕಿಸಿದರೆ ಸಾಕು’ ಎಂಬ ಮಾತು ಹುಟ್ಟಿದರೆ, ವಿಜ್ಞಾನೇಶ್ವರನ ಲಕ್ಷಣಕ್ಕೆ ಎಷ್ಟು ಮಾತ್ರಕ್ಕೂ ಒಳಪಡದ ಒಬ್ಬನು, ನೀರಿನ ಕಡೆಯ ಗದ್ದೆಯನ್ನು ಕಳೆದುಕೊಂಡು ಕಲ್ಲುದಿಣ್ಣೆಯನ್ನು ಪಡೆಯುವನು. ಬಟವಾಡೆಯ ದಿನ ‘ಸ್ವಲ್ಪ ಒಂಥರಾ’ ಎನ್ನಿಸಿಕೊಂಡ ಆಳು ತನ್ನ ದಿನಗಳ ಲೆಕ್ಕವನ್ನು ಕೇಳಿದರೆ, ಲೆಕ್ಕವನ್ನು ನೋಡುವ ಮೊದಲೇ ಸುತ್ತಲಿದ್ದವರು ನಗುವರು. ಸೊಸೆಯು ‘ಅಷ್ಟು ತಿಳಿದವಳಲ್ಲ’ ಎಂದಾದರೆ ಅವಳ ತವರಿನ ಒಡವೆಯನ್ನು ಅಡವಿಡುವಾಗ ಅವಳನ್ನು ಕೇಳುವ ಗೋಜಿಲ್ಲ. ಇಲ್ಲೆಲ್ಲಿಯೂ ಯಾರೂ ಬೈದಿಲ್ಲ. ಬೈದಿದ್ದರೆ ಪಂಚಾಯಿತಿ ಸೇರುತ್ತಿತ್ತು.

ಶಾಲೆಯ ಮಾತೂ ಇದೇ. ‘ಹುಡುಗ ಸ್ವಲ್ಪ ಡಲ್’ ಎಂದು ಉಪಾಧ್ಯಾಯನು ತಂದೆಗೆ ಹೇಳಿದರೆ, ತಂದೆಯು ಅದನ್ನು ರೋಗಪರೀಕ್ಷೆಯಂತೆ ನಂಬುವನು. ಎಷ್ಟೋ ವೇಳೆ ಹುಡುಗನೂ ನಂಬುವನು. ಅಕ್ಷರಗಳು ಕಣ್ಣಿಗೆ ಕಂಡರೂ ಓದಾಗಿ ಕೂಡಿಬರದ ಮಕ್ಕಳುಂಟು. ಅವರ ಬುದ್ಧಿಗೆ ಕೊರತೆಯಿಲ್ಲ. ಇಂಥ ಕಲಿಕೆಯ ತೊಡಕುಗಳನ್ನು ೨೦೧೬ರ ಅಂಗವಿಕಲರ ಹಕ್ಕುಗಳ ಶಾಸನವು ಹೆಸರಿಟ್ಟು ಗುರುತಿಸಿದೆ. ಸರಿಯಾಗಿ ಹೆಸರಿಟ್ಟ ತೊಡಕಿಗೆ ಉಪಾಯವನ್ನು ಹುಡುಕಬಹುದು. ‘ಸ್ವಲ್ಪ ಡಲ್’ ಎಂಬುದಕ್ಕೆ ಉಪಾಯವೇನು? ಪಂಚತಂತ್ರದ ಅರಸನಾದ ಅಮರಶಕ್ತಿಯು ತನ್ನ ಮೂವರು ಮಕ್ಕಳ ಮೌಢ್ಯವನ್ನು ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ವಿಷ್ಣುಶರ್ಮನು ಆ ಮೌಢ್ಯವನ್ನು ತೂಕ ಹಾಕಲು ಹೋಗದೆ, ಆರು ತಿಂಗಳ ಅವಧಿಯನ್ನು ಗೊತ್ತುಮಾಡಿ ಕಥೆ ಹೇಳಲು ತೊಡಗಿದನು. ಸೋಮದೇವನ ಕಥಾಸರಿತ್ಸಾಗರವು ಇನ್ನೂ ಚಮತ್ಕಾರವಾದ ಒಂದು ವೃತ್ತಾಂತವನ್ನು ಹೇಳುವುದು: ವರ್ಷನೆಂಬ ಉಪಾಧ್ಯಾಯನ ಶಿಷ್ಯರಲ್ಲಿ ಜಡಬುದ್ಧಿಯೆನ್ನಿಸಿಕೊಂಡವನೊಬ್ಬನಿದ್ದನು, ಅವನು ಹಿಮಾಲಯಕ್ಕೆ ಹೋಗಿ ತಪಸ್ಸು ಮಾಡಿ ಶಿವನಿಂದ ವ್ಯಾಕರಣವನ್ನು ಪಡೆದು ಬಂದನು. ಅವನ ಹೆಸರು ಪಾಣಿನಿ. ಕಥೆಯು ಚರಿತ್ರೆಯಲ್ಲದಿರಬಹುದು. ಆದರೆ ‘ಸ್ವಲ್ಪ ಕಡಿಮೆ’ ಎಂಬುದಕ್ಕೆ ಪ್ರತ್ಯಯವನ್ನು ವಿಧಿಸಿದವನನ್ನೇ ನಮ್ಮ ಹಿರಿಯರು ಮಂದಶಿಷ್ಯನೆಂದು ಚಿತ್ರಿಸಿದರೆಂಬುದು ಪಾಠ ಹೇಳುವವರೆಲ್ಲರೂ ನೆನೆಯತಕ್ಕ ಮಾತು.

ಗಾಂಪರ ಕಥೆಯನ್ನು ಕೇಳದವರಿಲ್ಲ. ಹೊಳೆಯನ್ನು ದಾಟಿದ ಮೇಲೆ ಎಲ್ಲರೂ ಬಂದಿರುವರೋ ಎಂದು ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬನು ಮುಳುಗಿದನೆಂದು ಗೋಳಾಡಿದನಂತೆ. ವಿದ್ಯಾರಣ್ಯರ ಪಂಚದಶಿಯಲ್ಲಿ ಇದೇ ದೃಷ್ಟಾಂತವು ಹತ್ತನೆಯವನ ಕಥೆಯಾಗಿ, ಆತ್ಮಜ್ಞಾನವನ್ನು ಬೋಧಿಸುವುದಕ್ಕಾಗಿ ಬಂದಿದೆ. ವೇದಾಂತಕ್ಕೆ ಏರದಿದ್ದರೂ ಲೋಕವ್ಯವಹಾರಕ್ಕೆ ಅದರಿಂದ ಉಪಯೋಗವುಂಟು. ಊರಿನಲ್ಲಿ ಯಾರು ಯಾರು ‘ಸ್ವಲ್ಪ ಪೆದ್ದು’ ಎಂದು ಲೆಕ್ಕ ಹಾಕುವವನು ಆ ಲೆಕ್ಕದಲ್ಲಿ ತನ್ನನ್ನು ಸೇರಿಸಿಕೊಂಡಿರುವುದಿಲ್ಲ. ನೆರೆಯ ಜಗಲಿಯಲ್ಲಿ ಅವನ ಹೆಸರು ಎಣಿಕೆಗೆ ಬಂದಿರಬಹುದೆಂಬುದೂ ಅವನಿಗೆ ತಿಳಿಯದು.

ಹಾಗಾದರೆ ಸಿದ್ಧಾಂತವೇನು? ಮೃದುವಾದ ಮಾತನ್ನು ಬಿಡಬೇಕೆಂದಲ್ಲ. ಒರಟುತನವು ಸತ್ಯಕ್ಕೆ ಪರ್ಯಾಯವೂ ಅಲ್ಲ. ಮಾಡಿದ ಕೆಲಸವನ್ನು ಕುರಿತು, ಮಾಡಿದವನ ಎದುರಿಗೆ, ಅವನು ಉತ್ತರ ಕೊಟ್ಟರೆ ಕೇಳುವ ಮನಸ್ಸಿನಿಂದ ‘ಸ್ವಲ್ಪ ಪೆದ್ದುತನವಾಯಿತು’ ಎಂದರೆ ಅದು ಹಿತವಚನ. ಮನುಷ್ಯನನ್ನು ಕುರಿತು, ಅವನ ಬೆನ್ನ ಹಿಂದೆ, ಮರುಪರೀಕ್ಷೆಗೆ ಎಡೆಗೊಡದೆ ಆಡಿದ ‘ಸ್ವಲ್ಪ ಪೆದ್ದು’ ಎಂಬುದು ಎಷ್ಟು ಮೆಲ್ಲಗೆ ಆಡಿದರೂ ತೀರ್ಪೇ ಸರಿ. ಅದೂ ಪ್ರತಿವಾದಿಯನ್ನು ಕರೆಯಿಸದೆ ಕೊಟ್ಟ ತೀರ್ಪು. ‘ಪಾಪ, ಅವನಿಗೆ ತಿಳಿಯುವುದಿಲ್ಲ’ ಎಂದು ಯಾರಾದರೂ ಹೇಳಿದಾಗ, ‘ಏನು ತಿಳಿಯುವುದಿಲ್ಲ? ಅವನನ್ನು ಕೇಳಿದಿರಾ?’ ಎಂದು ಸಮಾಧಾನದಿಂದ ಪ್ರಶ್ನಿಸುವವನೊಬ್ಬನು ಪ್ರತಿಯೊಂದು ಜಗಲಿಯಲ್ಲಿಯೂ ಇದ್ದರೆ ಸಾಕು. ಹಿಸ್ಸೆಯ ಕಾಗದವನ್ನು ಓದಿ ಹೇಳಿದರೆ ಆ ಸಾಧುವಿಗೂ ತಿಳಿಯುವುದು. ಓದಿ ಹೇಳುವಷ್ಟು ಸೈರಣೆ ನಮಗಿದೆಯೇ ಎಂಬುದನ್ನು ವಾಚಕ ಮಹಾಶಯರು ವಿಚಾರಮಾಡಬೇಕು.